ಅರ್ಧ ಉಸಿರು ತಡ

ಏಳು ಬೆಟ್ಟ ದಾಟಿದವರಿಗೆ ರಾಜಕುಮಾರಿ ಸಿಗುತ್ತಾಳೆ, ಆರನೆಯ ಬೆಟ್ಟದ ಬುಡದಲ್ಲಿ ಕಾಲು ನೋಯಿತೆಂದು ಕೂತವರಿಗೆ ನಮ್ಮೂರು ಸಿಗುತ್ತದೆ ಎಂದು ಅಜ್ಜಿ ಕಥೆ ಶುರು ಮಾಡುತ್ತಿದ್ದಳು. ಆ ಊರಿಗೊಂದು ಹಗ್ಗವಂತೆ, ಹಗ್ಗಕ್ಕೆ ಗಂಟುಗಳಂತೆ, ಗಂಟು ಹೇಗೋ ಊರು ಹಾಗೆ ನಡೆಯುತ್ತಿತ್ತಂತೆ. "ಅಂತೆ ಯಾಕಜ್ಜಿ? ಹಗ್ಗ ಅಲ್ಲೇ ಬಿದ್ದಿದೆಯಲ್ಲ, ನೀನೇ ಮೂವತ್ತು ವರ್ಷ ಗಂಟು ಹಾಕಿದ್ದೀಯಲ್ಲ" ಎಂದರೆ, "ಸುಮ್ನಿರೇ ಚಿತ್ರಿ, ಅಂತೆ ಹಾಕದಿದ್ರೆ ಕಥೆ ಸಪ್ಪೆ" ಎಂದು ನನ್ನ ತೊಡೆ ಚಿವುಟುತ್ತಿದ್ದಳು. ನಾನೂ ಒಂದು ಕಥೆ ಹೇಳುತ್ತೇನೆ. ಇದರಲ್ಲಿ ಅಂತೆ ಇಲ್ಲ, ಯಾಕೆಂದರೆ ತಪ್ಪು ಮಾಡಿದವಳು ನಾನೇ.

ಹಗ್ಗ ಇರುವುದು ಗಂಟಿನಮನೆಯಲ್ಲಿ. ಉದ್ದನೆಯ ಹಜಾರದ ತುಂಬ ಹಾವಿನಂತೆ ಸುತ್ತಿಕೊಂಡು ಮಲಗಿದೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಜನ ಬರುತ್ತಾರೆ. ಬಾವಿಯ ನೀರು ಒಂದು ಮೊಳ ಮೇಲೆ ಬರಲಿ, ನಮ್ಮ ಜಗಲಿಗೆ ಮಧ್ಯಾಹ್ನ ನೆರಳಾಗಲಿ, ಮಜ್ಜಿಗೆ ಕಡೆಯುವಾಗ ಬೆಣ್ಣೆ ಬೇಗ ತೇಲಲಿ. ಗಿರಣಿಯ ನಾಗವೇಣಕ್ಕ ಬಂದು, ತನ್ನ ಗಿಳಿ ಎಲ್ಲಿಂದಲೋ ಕಲಿತ ಬೈಗುಳವನ್ನು ಮರೆಯಲಿ ಎಂದು ಕೇಳಿಕೊಂಡಿದ್ದಳು. ನಾವು ಒಂದೊಂದಕ್ಕೂ ಒಂದು ಗಂಟು ಹಾಕಿ, ಯಾರು ಹಾಕಿದ್ದು, ಯಾತಕ್ಕೆ ಹಾಕಿದ್ದು ಎಂದು ಓಲೆಯ ಚೂರಿನಲ್ಲಿ ಬರೆದು ಪಕ್ಕದಲ್ಲಿ ಸಿಕ್ಕಿಸುತ್ತೇವೆ. ಬೇಕಾದ್ದು ಕೇಳಬಹುದು, ಆದರೆ ಬಾಗಿಲ ಮೇಲೆ ಕೆತ್ತಿದ ಒಂದೇ ಒಂದು ಮಾತನ್ನು ಮೀರುವಂತಿಲ್ಲ: ನಿನ್ನೆ ನಡೆದದ್ದು ಇವತ್ತೂ ನಡೆಯಬೇಕು.

ಅದಕ್ಕಾಗಿಯೇ ಗಡಿಗೆಗಳಿವೆ. ಹೊಸ ಗಂಟನ್ನು ಯಾರೂ ನೇರವಾಗಿ ಊರ ಹಗ್ಗಕ್ಕೆ ಹಾಕುವುದಿಲ್ಲ. ಹಗ್ಗದ್ದೇ ಸಣ್ಣ ನಕಲು ಹೊಸೆದು, ಗಂಟನ್ನು ಅದಕ್ಕೆ ಹಾಕಿ, ಗಡಿಗೆಯೊಳಗೆ ಇಳಿಸಿ ಮುಚ್ಚುತ್ತೇವೆ. ಒಂದು ತಾಸಿನೊಳಗೆ ಗಡಿಗೆಯಲ್ಲಿ ಇನ್ನೊಂದು ನಮ್ಮೂರು ಏಳುತ್ತದೆ. ಹೆಸರುಕಾಳಿನಷ್ಟು ಮನೆಗಳು, ಸಾಸಿವೆಯಷ್ಟು ಜನ. ಅವರಿಗೆ ತಾವು ಗಡಿಗೆಯಲ್ಲಿದ್ದೇವೆ ಎಂದು ಗೊತ್ತಿಲ್ಲ. ಅವರೂ ಬಾವಿಗೆ ಹೋಗುತ್ತಾರೆ, ಬೆಣ್ಣೆ ತೆಗೆಯುತ್ತಾರೆ, ಜಗಳವಾಡುತ್ತಾರೆ. ಗಡಿಗೆಯ ಬಾಯಿಗೆ ಕಣ್ಣಿಟ್ಟು ನೋಡುತ್ತೇವೆ. ಅಲ್ಲಿ ಏನೂ ಕೆಡದಿದ್ದರೆ ಮಾತ್ರ ಇಲ್ಲಿ ಗಂಟು. ನನಗೆ ಈ ಕೆಲಸದಲ್ಲಿ ಅತ್ಯಂತ ಇಷ್ಟವಾದದ್ದು ಹೀಗೆ ಇಣುಕುವುದು. ಗಂಟಿನಮನೆಯ ಹಿರಿಯ ಶಂಭಯ್ಯ, "ಹತ್ತು ಎಣಿಸೋವಷ್ಟು ನೋಡು ಅಂದ್ರೆ ಅಲ್ಲೇ ಸಂಸಾರ ಹೂಡ್ತೀಯಲ್ಲೇ, ಕನಸಿನ ಮೂಟೆ" ಎಂದು ಗೊಣಗುತ್ತಿದ್ದರು.

ಒಂದು ಸಂಜೆ ನಾಗವೇಣಕ್ಕ ಹೆಪ್ಪಿನ ಸಾಕವ್ವನನ್ನು ಕೈಹಿಡಿದು ಕರೆದುಕೊಂಡು ಬಂದಳು. ಸಾಕವ್ವನ ಕೈಯನ್ನು ಇನ್ನೊಬ್ಬರು ಹಿಡಿದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅವಳಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಆದರೆ ಹೊತ್ತು ಇಳಿಯುತ್ತಲೇ ಬುಟ್ಟಿಯಲ್ಲಿ ದೊನ್ನೆಗಳನ್ನು ಜೋಡಿಸಿಕೊಂಡು, ನಾಲಿಗೆಯಿಂದ 'ಟಕ್ ಟಕ್' ಎಂದು ಸದ್ದು ಮಾಡುತ್ತ, ಆ ಸದ್ದು ಗೋಡೆಗೆ ತಾಗಿ ಹಿಂದಿರುಗುವುದನ್ನು ಕೇಳಿಕೊಂಡು ಇಡೀ ಊರನ್ನು ಸುತ್ತುತ್ತಾಳೆ. ಯಾವ ಮನೆಗೆ ಹುಳಿ ಹೆಪ್ಪು, ಯಾವ ಮನೆಗೆ ಸಿಹಿ ಹೆಪ್ಪು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಈಗ ಅವಳ ಹಣೆಯ ಮೇಲೆ ನಿಂಬೆಕಾಯಿ ಗಾತ್ರದ ಬುಗುಟು ಎದ್ದಿತ್ತು.

"ನಮ್ಮೂರಿನ ಗೋಡೆಗಳು ಮಾತಾಡೋದು ತಡ ಮಾಡ್ತವೆ ಕಣವ್ವ" ಎಂದಳು ಸಾಕವ್ವ. "ಟಕ್ ಅಂದ್ರೆ, ಇಷ್ಟೊತ್ತಿಗೆ ಬರಬೇಕು ಅಲ್ವ? ಅರ್ಧ ಉಸಿರು ಬಿಟ್ಟು ಬರ್ತೈತೆ. ದೂರ ಐತೆ ಅಂತ ಹೆಜ್ಜೆ ಇಡ್ತೀನಿ, ಕಂಬ ಬಂದು ಹಣೆಗೆ ಮುತ್ತು ಕೊಡುತ್ತೆ."

ಶಂಭಯ್ಯ ಬಾಗಿಲಿಗೆ ಹೋಗಿ ಎದುರಿನ ಗೋಡೆಗೆ ಕೇಳುವಂತೆ "ಹೋ!" ಎಂದರು. ಗೋಡೆ "ಹೋ" ಎಂದಿತು. "ನನ್ನ ಕಿವಿಗೆ ಸರಿಯಾಗೇ ಇದೆಯಲ್ಲಮ್ಮ. ನಮ್ಮ ಕಡೆಯಿಂದ ಏನೂ ತೊಂದರೆ ಕಾಣಲ್ಲ."

"ನಿಮ್ಮ ಕಿವಿ ಓಲೆ ಹಾಕ್ಕೊಳ್ಳೋಕೆ ಇರೋದು ಸ್ವಾಮಿ. ನಂದು ನಡೆಯೋಕೆ."

ನಾಗವೇಣಕ್ಕ ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ, "ಪರವಾಗಿಲ್ಲ ಬಿಡಿ, ನಮ್ಮ ಗಿರಣಿ ಹುಡುಗೀರು ದಿನಕ್ಕೊಬ್ಬಳು ಕೈ ಹಿಡ್ಕೊಂಡು ಸುತ್ತಿಸ್ತಾರೆ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಆದರೆ ಸಾಕವ್ವ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. "ಕೈ ಹಿಡಿಯೋರು ಬ್ಯಾಡ ತಾಯಿ. ಕೈ ಹಿಡಿದ್ರೆ ನಾನು ಅವರ ದಾರೀಲಿ ಹೋಗ್ತೀನಿ, ನನ್ನ ದಾರಿ ಮರೆತುಹೋಗುತ್ತೆ. ನಂಗೆ ಹುಣ್ಣಿಮೇಲಿ ಇದ್ದ ಊರು ಬೇಕು."

ನಾನು ಮುಂದೆ ಹೋಗಿ, "ಮಾಡಿಕೊಡ್ತೀನಿ ಸಾಕವ್ವ. ಬರೋ ಅಮಾವಾಸ್ಯೆಯೊಳಗೆ ನೀನೊಬ್ಬಳೇ ನಮ್ಮನೆಗೆ ಹೆಪ್ಪು ತರ್ತೀಯ. ಮಾತು ಕೊಟ್ಟೆ" ಎಂದೆ. ಹೀಗೆ ಮಾತು ಕೊಡುವುದು ನನ್ನ ಚಟ. ಶಂಭಯ್ಯ ಹಣೆ ಚಚ್ಚಿಕೊಂಡರು.

ಸಾಕವ್ವ ಹುಣ್ಣಿಮೆಯ ದಿನ ಸರಿಯಾಗಿಯೇ ನಡೆದಿದ್ದಳು. ಮರುದಿನ ತಂಗಿಯ ಮನೆಗೆ ಹೋದವಳು ಮೊನ್ನೆ ಹಿಂದಿರುಗಿದ್ದಳು. ಈ ನಡುವೆ ನಾವು ಹಾಕಿದ್ದು ಅರವತ್ತನಾಲ್ಕು ಗಂಟು. ಒಂದೊಂದನ್ನೇ ಬಿಚ್ಚಿ ನೋಡುತ್ತ ಕೂತರೆ ಅಮಾವಾಸ್ಯೆ ಬಂದು ಹೋಗುತ್ತದೆ. ಇದಕ್ಕೆ ಅಜ್ಜಿಯ ಕಾಲದಿಂದ ಒಂದು ದಾರಿಯಿದೆ. ಹಗ್ಗವನ್ನು ನಡುವಿಗೆ ಹಿಡಿ, ಮೊದಲರ್ಧ ಮಾತ್ರ ಇರುವ ಊರನ್ನು ಗಡಿಗೆಯಲ್ಲಿ ಎಬ್ಬಿಸು. ಅಲ್ಲಿ ಕೆಟ್ಟಿದ್ದರೆ ತಪ್ಪು ಮೊದಲರ್ಧದಲ್ಲಿ, ಕೆಟ್ಟಿರದಿದ್ದರೆ ಎರಡನೆಯದರಲ್ಲಿ. ಉಳಿದ ಅರ್ಧವನ್ನು ಮತ್ತೆ ನಡುವಿಗೆ ಹಿಡಿ. ಅರವತ್ತನಾಲ್ಕು ಗಂಟಿಗೆ ಆರೇ ಸಲ ನೋಡಿದರೆ ಸಾಕು. ಕಳ್ಳ ಒಂಟಿಯಾಗಿ ಸಿಕ್ಕಿಬೀಳುತ್ತಾನೆ.

ಮರುದಿನ ಬೆಳಿಗ್ಗೆಯೇ ಮೂವತ್ತೆರಡು ಗಂಟಿನ ನಕಲು ಹೊಸೆದು ಗಡಿಗೆಗೆ ಇಳಿಸಿದೆ. ಸಾಕವ್ವ ಗಡಿಗೆಯ ಬಾಯಿಗೆ ಕಿವಿಕೊಟ್ಟು ಒಳಗೆ 'ಟಕ್' ಎಂದಳು. "ತಡ." ಹದಿನಾರಕ್ಕೆ ಇಳಿದೆವು. "ತಡ." ಎಂಟು. "ತಡ." ನಾಲ್ಕು, ಎರಡು, ಒಂದು. ತಡ, ತಡ, ತಡ. ಕೊನೆಗೆ ಅಟ್ಟದಿಂದ ಅಜ್ಜಿ ಲಂಗ ಉಡುತ್ತಿದ್ದ ಕಾಲದ ಹಗ್ಗದ ನಕಲನ್ನು ತೆಗೆದು ಧೂಳು ಕೊಡವಿ ಗಡಿಗೆಗೆ ಹಾಕಿದೆ. ಅದರೊಳಗೆ ಊರೆಂದರೆ ಹನ್ನೊಂದೇ ಮನೆ. ಸಾಕವ್ವ 'ಟಕ್' ಎಂದು ಬಹಳ ಹೊತ್ತು ಬಗ್ಗಿಯೇ ಇದ್ದಳು.

"ಇದೂ ತಡ" ಎಂದಳು, ಸಣ್ಣ ದನಿಯಲ್ಲಿ.

"ನೋಡಿದ್ಯಾ?" ಎಂದರು ಶಂಭಯ್ಯ. ಗೆದ್ದವರ ದನಿ ಬರದಂತೆ ಪ್ರಯತ್ನ ಮಾಡಿದರು, ಆದರೂ ಸ್ವಲ್ಪ ಬಂತು. "ಅರವತ್ತು ವರ್ಷದ ಹಿಂದಿನ ಊರಲ್ಲೂ ತಡ ಅಂದ್ರೆ ಊರು ಕೆಟ್ಟಿಲ್ಲ ತಾಯಿ. ಕಿವಿಗೂ ವಯಸ್ಸಾಗುತ್ತೆ. ನನ್ನ ಮಂಡಿಗೆ ಆಗಿಲ್ವೇ."

ಬಾಯಿ ಜೋರಿನ ಸಾಕವ್ವ ಸುಮ್ಮನೆ ಬಲಗೈಯನ್ನು ಗಾಳಿಯಲ್ಲಿ ಮುಂದೆ ಚಾಚಿದಳು, ಯಾರಾದರೂ ಹಿಡಿದುಕೊಳ್ಳಲಿ ಎಂಬಂತೆ. ನಾನೇ ಹಿಡಿದು ಮನೆ ತಲುಪಿಸಿ ಬಂದೆ. ದಾರಿಯುದ್ದಕ್ಕೂ ಅವಳು ಒಂದು ಸಲವೂ ನಾಲಿಗೆ ಟಕ್ ಅನ್ನಿಸಲಿಲ್ಲ.

ಮನೆಯಲ್ಲಿ ಅಜ್ಜಿ ಜಗಲಿಯ ಮೇಲೆ ಮಲ್ಲಿಗೆ ಬಳ್ಳಿಯ ಪಕ್ಕ ಕಣ್ಮುಚ್ಚಿ ಕೂತಿದ್ದಳು. ಎರಡು ವರ್ಷದಿಂದ ಅವಳಿಗೆ ವಾಸನೆ ತಿಳಿಯುತ್ತಿರಲಿಲ್ಲ. ಒಗ್ಗರಣೆ ಸೀದರೂ ಗೊತ್ತಾಗುತ್ತಿರಲಿಲ್ಲ. ಈಚೆಗೆ ಸ್ವಲ್ಪ ತಿಳಿಯುತ್ತಿತ್ತು. ಹೂ ಅರಳುವ ಹೊತ್ತಿಗೆ ಸರಿಯಾಗಿ ಹೊರಗೆ ಬಂದು ಕೂರುತ್ತಿದ್ದಳು. ನಾನು ನಡೆದದ್ದೆಲ್ಲ ಹೇಳಿ, ಗಡಿಗೆಗಳು ಯಾಕೆ ಹೀಗೆ ಸುಳ್ಳು ಹೇಳುತ್ತಿವೆ ಎಂದು ಕೇಳಿದೆ.

"ಗಡಿಗೆ ಸುಳ್ಳು ಹೇಳಲ್ಲ ಕಣೇ" ಎಂದಳು ಅಜ್ಜಿ, ಕಣ್ಣು ತೆರೆಯದೆ. "ಜ್ವರ ಬಂದೋನ ಕಥೆ ಹೇಳಿರಲಿಲ್ವ ನಿಂಗೆ? ಅವನಿಗೆ ಕನಸಲ್ಲಿ ಅರಮನೆ ಊಟ. ಹೋಳಿಗೆ ತಿಂದ, ಕಹಿ. ಜೇನು ನೆಕ್ಕಿದ, ಕಹಿ. ಅಡುಗೆಯೋನ ತಲೆ ತೆಗೀರಿ ಅಂತ ಕೂಗಿದ. ಕನಸಿನ ಅಡುಗೆಯೋನು ಏನು ಮಾಡ್ತಾನೆ ಪಾಪ? ಕಹಿ ಇದ್ದಿದ್ದು ಮಲಗಿದೋನ ನಾಲಿಗೇಲಿ."

ನನಗೆ ಥಟ್ಟನೆ ಹೊಳೆಯಿತು. ಗಡಿಗೆಯೂರಿಗೆ ತನ್ನದೇ ಹಗ್ಗ ಇರಬಹುದು, ತನ್ನದೇ ಗಾಳಿ ಎಲ್ಲಿದೆ? ಅದು ಉಸಿರಾಡುವುದು ನಮ್ಮ ಗಾಳಿಯನ್ನು. ನಮ್ಮ ಗಾಳಿಯೇ ಕೆಟ್ಟಿದ್ದರೆ ಯಾವ ಕಾಲದ ಹಗ್ಗ ಇಳಿಸಿದರೂ ತಡವೇ. ಸಾಕವ್ವನ ಕಿವಿ ಸರಿಯಾಗಿಯೇ ಇತ್ತು. ಇಷ್ಟು ವರ್ಷ ಗಡಿಗೆಗಳನ್ನು ಸಾಲಾಗಿ ಜೋಡಿಸಿಟ್ಟು, ಅವು ನಮ್ಮದೇ ಹಜಾರದಲ್ಲಿ ಕೂತಿವೆ ಎಂಬುದನ್ನು ನಾವೇ ಮರೆತಿದ್ದೆವು.

ಹಾಗಾದರೆ ಉಳಿದ ದಾರಿ ಒಂದೇ. ಗಡಿಗೆಯಲ್ಲಿ ಅಲ್ಲ, ಊರನ್ನೇ ಹಿಂದಕ್ಕೆ ಒಯ್ಯಬೇಕು. ಆರು ದಿನ, ದಿನಕ್ಕೊಂದು ಸಲ. ಶಂಭಯ್ಯ ಮೊದಲು ಹೌಹಾರಿದರು, ಆಮೇಲೆ ಬಾಗಿಲ ಮೇಲಿನ ಕೆತ್ತನೆಯನ್ನು ಒಮ್ಮೆ ನೋಡಿ, ಡಂಗುರದವನನ್ನು ಕರೆಸಿದರು. "ಕೇಳ್ರಪ್ಪೋ ಕೇಳಿ! ನಾಳೆಯಿಂದ ಆರು ದಿನ ನೀವು ಕೇಳಿ ಹಾಕಿಸ್ಕೊಂಡಿದ್ದು ಕೆಲವು ಇರಲ್ಲ, ಕೆಲವು ಇರ್ತವೆ! ಬಾವೀಲಿ ಬಗ್ಗುವಾಗ ಜೋಪಾನ!"

ಮೊದಲ ದಿನ ಊರನ್ನು ಮೂವತ್ತೆರಡನೆಯ ಗಂಟಿಗೆ ಒಯ್ದೆವು. ಅದಾದ ಮೇಲಿನ ಗಂಟುಗಳನ್ನೆಲ್ಲ ಸಡಿಲಿಸಿ ಬಿಟ್ಟೆವು. ಬಾವಿಯ ನೀರು ಒಂದು ಮೊಳ ಕೆಳಗಿಳಿಯಿತು. ಜಗಲಿಯ ನೆರಳನ್ನು ನಂಬಿ ಹಪ್ಪಳ ಲಟ್ಟಿಸಲು ಕೂತಿದ್ದವರ ಬೆನ್ನು ಸುಟ್ಟಿತು. ಹಜಾರದ ಎದುರಿನ ಗಿರಣಿಯಿಂದ ನಾಗವೇಣಕ್ಕನ ಗಿಳಿ ಶಂಭಯ್ಯನವರನ್ನು ನೋಡಿ, "ಬೋಳು ಬುರುಡೆ! ಬೋಳು ಬುರುಡೆ!" ಎಂದು ಕೂಗಿತು. ಗಿಳಿಯ ಗಂಟು ನಲವತ್ತೇಳನೆಯದು. ಸಂಜೆ ಸಾಕವ್ವನನ್ನು ಓಣಿಯ ಬಾಯಿಗೆ ಕರೆತಂದು ನಿಲ್ಲಿಸಿದೆವು. ಮನಸ್ಸಿಲ್ಲದ ಮನಸ್ಸಿನಿಂದ ಅವಳು 'ಟಕ್' ಎಂದಳು.

ಅವಳ ಮುಖ ಅರಳಿದ್ದನ್ನು ಹೇಗೆ ಹೇಳಲಿ? ದೀಪ ಹಚ್ಚಿದಂತೆ ಎಂದರೆ ಅವಳೇ ನಗುತ್ತಾಳೆ. "ಬಂತು! ಬಂತು ಕಣವ್ವ! ಗೋಡೆ ಅಲ್ಲೈತೆ, ಕಂಬ ಇಲ್ಲೈತೆ, ಅಲ್ಲಿ ಯಾರೋ ಎಮ್ಮೆ ಕಟ್ಟವ್ರೆ!" ಎಂದು ಓಡಲು ಹೊರಟಳು. "ತಡಿ, ಇದು ಇವತ್ತಿಗಷ್ಟೇ" ಎಂದು ನಾವು ಹಿಡಿದುಕೊಂಡೆವು. ಹಾಗಾದರೆ ಕಳ್ಳ ಎರಡನೆಯ ಅರ್ಧದಲ್ಲಿದ್ದಾನೆ. ಮೂವತ್ತಮೂರರಿಂದ ಅರವತ್ತನಾಲ್ಕು.

ಎರಡನೆಯ ದಿನ ನಲವತ್ತೆಂಟು. ಗಿಳಿ ಬಾಯಿ ಮುಚ್ಚಿತು, ಗೋಡೆ ತಡ ಮಾಡಿತು. ಮೂರನೆಯ ದಿನ ನಲವತ್ತು. ಗೋಡೆ ಸರಿಹೋಯಿತು, ಗಿಳಿ ಬಾಯಿ ಬಿಟ್ಟಿತು. ಊರಿನವರಿಗೆ ಅಷ್ಟರಲ್ಲಿ ಅಭ್ಯಾಸವಾಗಿತ್ತು. ಬಾವಿಗೆ ಎರಡು ಹಗ್ಗ ತರುತ್ತಿದ್ದರು, ಉದ್ದದ್ದೊಂದು ಗಿಡ್ಡದ್ದೊಂದು. ಬೆಳಿಗ್ಗೆ ಎದ್ದ ಕೂಡಲೇ ಗಿಳಿಯ ಕಡೆ ಕಿವಿಕೊಟ್ಟು, ಅದು ಬೈದರೆ "ಓ, ಇವತ್ತು ನಲವತ್ತೇಳರ ಹಿಂದಿದೀವಿ" ಎಂದು ಲೆಕ್ಕ ಹಾಕಿಕೊಳ್ಳುತ್ತಿದ್ದರು. ಶಂಭಯ್ಯ ಮಾತ್ರ ಮುಂಡಾಸು ಸುತ್ತಿಕೊಂಡು ಬರತೊಡಗಿದರು.

ಆ ಮೂರನೆಯ ಸಂಜೆ ನಾನು ಉಳಿದ ಎಂಟು ಓಲೆಗಳನ್ನು ಹಲಗೆಯ ಮೇಲೆ ಜೋಡಿಸಿದೆ. ನಲವತ್ತೊಂದನೆಯ ಓಲೆಯ ಮೇಲೆ ನನ್ನದೇ ಕೈಬರಹ. 'ಸಂಜೆಯ ಗಾಳಿಯಲ್ಲಿ ಹೂವಿನ ಪರಿಮಳ ಇನ್ನೊಂದು ಗಳಿಗೆ ನಿಲ್ಲಲಿ. ಹಾಕಿದವಳು ಚಿತ್ರಿ. ಯಾತಕ್ಕೆ: ಅಜ್ಜಿಗೆ.'

ಗಡಿಗೆಯಲ್ಲಿ ನೋಡಿಯೇ ಹಾಕಿದ್ದೆ. ಶಂಭಯ್ಯ, ನಾಗವೇಣಕ್ಕ, ನಾನು ಮೂವರೂ ಮೂಸಿ ನೋಡಿದ್ದೆವು, ಆಹಾ ಅಂದಿದ್ದೆವು. ಮೂವರಲ್ಲಿ ಒಬ್ಬರೂ ಕೇಳಿ ನೋಡಿರಲಿಲ್ಲ. ಪರಿಮಳವನ್ನು ಹಿಡಿದು ನಿಲ್ಲಿಸುವ ಗಾಳಿ ಸದ್ದನ್ನು ಬಿಡುತ್ತದೆಯೇ? ನನಗೆ ಆಗಲೇ ಗೊತ್ತಾಗಿಹೋಯಿತು. ಆದರೂ ಉಳಿದ ಏಳು ಓಲೆಗಳನ್ನು ನೋಡುತ್ತ, ನೀನಾಗಿರು, ನೀನಾಗಿರು ಎಂದು ಒಂದೊಂದನ್ನೂ ಬೇಡಿಕೊಂಡೆ.

ನಲವತ್ತನಾಲ್ಕು. ತಡ. ನಲವತ್ತೆರಡು. ತಡ. ಉಳಿದದ್ದು ಎರಡೇ: ನನ್ನದು, ಮತ್ತು ಕುಂಬಾರರು ಮುಚ್ಚಳಗಳು ಬಿಗಿಯಾಗಿ ಕೂರಲಿ ಎಂದು ಹಾಕಿಸಿದ್ದು. ಶಂಭಯ್ಯ ಎರಡೂ ಓಲೆಗಳನ್ನು ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದರು. ಅವರಿಗೂ ಅರ್ಥವಾಗಿತ್ತು.

"ಕುಂಬಾರರದ್ದೇ ಇರಬಹುದು" ಎಂದರು ಮೆತ್ತಗೆ. "ಮುಚ್ಚಳ ಬಿಗಿಯಾದ್ರೆ ಗಾಳಿ ಆಡಲ್ಲ... ಅದನ್ನೇ ಬಿಚ್ಚಿ ಇನ್ನು ನಾಲ್ಕು ದಿನ ನೋಡೋಣ ಅಂದ್ರೆ ಯಾರೂ ಬೇಡ ಅನ್ನಲ್ಲ, ಚಿತ್ರಿ. ನಿಮ್ಮಜ್ಜಿ ಈ ಹಜಾರಕ್ಕೆ ಮೂವತ್ತು ವರ್ಷ ಬೆನ್ನು ಬಗ್ಗಿಸಿದೋಳು."

ಒಂದು ಕ್ಷಣ, ಸುಳ್ಳು ಯಾಕೆ, ನಾನು ಹೂಂ ಅನ್ನಲಿದ್ದೆ. ನಾಲ್ಕು ದಿನ ಅಜ್ಜಿ ಇನ್ನೂ ಹೂವಿನ ಪಕ್ಕ ಕಣ್ಮುಚ್ಚಿ ಕೂರುತ್ತಾಳೆ. ಆದರೆ ಅಷ್ಟು ದಿನ ಸಾಕವ್ವ ಗಾಳಿಯಲ್ಲಿ ಕೈ ಚಾಚುತ್ತಾಳೆ. "ನಾಳೆ ನಲವತ್ತೊಂದಕ್ಕೆ ನಿಲ್ಲಿಸಿ ನೋಡೋಣ" ಎಂದೆ. ನಿಲ್ಲಿಸಿದೆವು. ಕುಂಬಾರರ ಮುಚ್ಚಳಗಳೆಲ್ಲ ಸಡಿಲವಾದವು, ಗಿಳಿ ಬೈಯಿತು, ಸಾಕವ್ವ 'ಟಕ್' ಎಂದಳು. ತಡ. ಕುಂಬಾರರು ನಿರಪರಾಧಿಗಳು.

ಮನೆಗೆ ಹೋಗಿ ಅಜ್ಜಿಗೆ ಹೇಳಲು ಮೂರು ಸಲ ಬಾಯಿ ತೆರೆದು ಮೂರು ಸಲವೂ ನೀರು ಕುಡಿದೆ. ಅಜ್ಜಿಯೇ ಶುರು ಮಾಡಿದಳು. "ನಂದೇ ಅಲ್ವೇನೇ ಆ ಗಂಟು?"

"ನಿಂಗೆ ಹೇಗೆ ಗೊತ್ತು?"

"ಈ ಆರು ದಿನದಲ್ಲಿ ಹೂ ಘಮ್ಮನ್ನೋ ದಿನ ಸಾಕವ್ವ ಮನೇಲಿ ಕೂರ್ತಾಳೆ. ಸಾಕವ್ವ ಕುಣಿಯೋ ದಿನ ಹೂ ಸತ್ತಂಗಿರುತ್ತೆ. ಇಷ್ಟೂ ತಿಳಿಯದೆ ಮೂವತ್ತು ವರ್ಷ ಗಂಟು ಹಾಕಿದ್ನಾ?" ಅಜ್ಜಿ ನನ್ನ ಗಲ್ಲ ಹಿಡಿದಳು. "ಅಳಬೇಡ. ಎಷ್ಟು ಚೆಂದದ ಗಂಟು ಹಾಕಿದ್ದೆ ಗೊತ್ತಾ? ಹದಿನಾರು ವರ್ಷದೋಳಾಗಿ ಹೋಗಿದ್ದೆ ನಾನು. ಆದ್ರೆ ಇನ್ನೊಬ್ಬಳ ದಾರಿ ಕಿತ್ತು ನನ್ನ ಮೂಗಿಗೆ ಹೂ ಮುಡಿಸೋದು ಬೇಡ ಕಣೇ. ನಾಳೆ ಹೋಗಿ ಬಿಚ್ಚು. ಬೇರೆಯೋರ ಕೈಲಿ ಬಿಚ್ಚಿಸಬೇಡ, ನೀನೇ ಬಿಚ್ಚು."

ಮರುದಿನ ಅಮಾವಾಸ್ಯೆ. ಉಳಿದ ಅರವತ್ತಮೂರು ಗಂಟುಗಳನ್ನು ಮತ್ತೆ ಬಿಗಿದೆವು. ನೀರು ಮೇಲೆ ಬಂತು, ನೆರಳು ಬಂತು, ಮುಚ್ಚಳಗಳು ಕೂತವು, ಗಿಳಿ ಏನೋ ಮರೆತವರಂತೆ ತಲೆ ಓರೆ ಮಾಡಿತು. ನನ್ನ ಗಂಟನ್ನು ನಾನೇ ಬಿಚ್ಚಿದೆ. ಪ್ರೀತಿಯಿಂದ ಹಾಕಿದ್ದಕ್ಕೋ ಏನೋ ಬಹಳ ಬಿಗಿಯಾಗಿತ್ತು, ಹಲ್ಲಿನಿಂದ ಎಳೆಯಬೇಕಾಯಿತು. ಶಂಭಯ್ಯ ಒಂದು ಹೊಸ ಓಲೆಯನ್ನು ತಂದು ಗಡಿಗೆಗಳ ಸಾಲಿನ ಮೇಲೆ ನೇತುಹಾಕಿದರು: 'ಗಂಟು ಹಾಕುವ ಮುಂಚೆ ಸಾಕವ್ವನನ್ನು ಕರೆಸಿ. ಅವಳು ಟಕ್ ಎನ್ನದೆ ಯಾವುದೂ ಹಗ್ಗಕ್ಕೆ ಹತ್ತಬಾರದು.' ಆಮೇಲೆ ಯಾರೂ ನೋಡುತ್ತಿಲ್ಲ ಎಂದುಕೊಂಡು ಎದುರಿನ ಗೋಡೆಗೆ ತಾವೂ ಒಮ್ಮೆ ಟಕ್ ಅಂದರು.

ಸಂಜೆ ನಾನು ನಮ್ಮ ಓಣಿಯ ನಡುವೆ, ಮಲ್ಲಿಗೆ ಬಳ್ಳಿಯಿಂದ ಇಪ್ಪತ್ತು ಹೆಜ್ಜೆ ಈಚೆಗೆ, ಬರಿಗಾಲಲ್ಲಿ ಹೋಗಿ ನಿಂತೆ. ಬಳೆ ಸದ್ದಾಗದಿರಲಿ ಎಂದು ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡೆ. ಎಲ್ಲೋ ಎಮ್ಮೆ ಕರೆಯಿತು. ಓಣಿಯ ತಿರುವಿನಲ್ಲಿ 'ಟಕ್ ಟಕ್' ಕೇಳಿಸಿತು. ಸಾಕವ್ವ ಬಂದಳು, ಬುಟ್ಟಿ ಸೊಂಟದಲ್ಲಿ, ಒಬ್ಬಳೇ. ಕಂಬವನ್ನು ಬಳಸಿದಳು. ಹೊರಗೆ ಚಾಚಿಕೊಂಡ ಕಟ್ಟೆಯನ್ನು ಬಳಸಿದಳು. ನೇರವಾಗಿ ನನ್ನತ್ತಲೇ ಜೋರು ಹೆಜ್ಜೆ ಹಾಕಿದಳು. ನಾನು ಉಸಿರು ಬಿಗಿಹಿಡಿದೆ.

ನನ್ನಿಂದ ಎರಡು ಹೆಜ್ಜೆ ದೂರದಲ್ಲಿ ಅವಳು ಗಕ್ಕನೆ ನಿಂತಳು. 'ಟಕ್.' ತಲೆ ಓರೆ ಮಾಡಿದಳು.

"ಯಾರದು ದಾರಿ ಮಧ್ಯೆ ಕಂಬದ ಹಂಗೆ? ಸಣ್ಣ ಕಂಬ. ಉಸಿರು ಬ್ಯಾರೆ ಹಿಡ್ಕೊಂಡೈತೆ." ಆಮೇಲೆ ನಕ್ಕಳು. "ಬಿಡೇ ಚಿತ್ರಿ, ಸತ್ತೋಗ್ತೀಯ."

ನಾನು ಉಸಿರು ಬಿಟ್ಟೆ. ಅವಳು ನನ್ನನ್ನು ಸರಿಯಾಗಿ ಬಳಸಿ ಮುಂದೆ ನಡೆದು, ನಮ್ಮ ಮನೆಯ ಮೂರು ಮೆಟ್ಟಿಲು ಹತ್ತಿದಳು. ಜಗಲಿಯ ಮೇಲೆ ಅಜ್ಜಿ ಒಂದು ಮಲ್ಲಿಗೆಯನ್ನು ಕಿತ್ತು, ಮೂಗಿನ ಹೊಳ್ಳೆಗೆ ಹೆಚ್ಚುಕಡಿಮೆ ತುರುಕಿಕೊಂಡು, ಎಲ್ಲೋ ಒಂದು ಎಳೆ ಸಿಕ್ಕೀತೇ ಎಂದು ಹುಡುಕುತ್ತಿದ್ದಳು. ಸಾಕವ್ವ ಬುಟ್ಟಿಯಿಂದ ಒಂದು ದೊನ್ನೆ ತೆಗೆದು, ಒಂದು ಹನಿಯೂ ತುಳುಕದಂತೆ ಅವಳ ಅಂಗೈಯಲ್ಲಿಟ್ಟಳು.

"ತಗೋ ಅಜ್ಜಿ, ನಿಮ್ಮನೇದು. ಹುಳಿ."